ಸ್ಪರ್ಧೆಯಲ್ಲಿ ಎಳೆಯದ ಗೋಡೆ

ರಾಯಚೂರಿನ ನಮ್ಮ ಆಫೀಸಿಗೆ ಮನೆ ಕಟ್ಟಿಸಲು ಬರುವವರು ಬಾಗಿಲಲ್ಲೇ ನಿಂತು ಕೇಳುವ ಮೊದಲ ಮಾತು, "ಸಾಹೇಬ್ರು ಇಲ್ಲೇನ್ರಿ?" ಎದುರಿಗೆ ನಾನು ಕೂತಿರುತ್ತೇನೆ. ಅವರ ಮನೆಯ ನಕ್ಷೆ ನನ್ನ ಕಂಪ್ಯೂಟರಿನಲ್ಲೇ ತೆರೆದಿರುತ್ತದೆ. ಮೆಟ್ಟಿಲು ಎಲ್ಲಿಂದ ಹತ್ತಬೇಕು, ಬಚ್ಚಲ ನೀರು ಎತ್ತ ಹರಿಯಬೇಕು, ಪಡುವಣ ಬಿಸಿಲು ಮಲಗುವ ಕೋಣೆಗೆ ಬೀಳದಂತೆ ಹೇಗೆ ತಡೆಯಬೇಕು ಎಂದು ತಲೆ ಕೆಡಿಸಿಕೊಂಡವಳು ನಾನೇ. ಆದರೂ ಸಾಹೇಬರು ಬರುವ ತನಕ ಅವರು ಹೊರಗಿನ ಬೆಂಚಿನಲ್ಲಿ ಕೂತು ಮೊಬೈಲ್ ನೋಡುತ್ತಾರೆ. ಒಬ್ಬ ಹಿರಿಯರಂತೂ, "ತಂಗೀ, ಸಾಹೇಬ್ರು ಬರೂತನ ಒಂದಿಷ್ಟು ನೀರು ಕುಡ್ಯಾಕ ಕೊಡವ್ವಾ" ಎಂದಿದ್ದರು. ಕೊಟ್ಟೆ. ನೀರು ಕುಡಿದು, ನಾನು ಮಾಡಿದ ನಕ್ಷೆಗಾಗಿ ಸಾಹೇಬರ ಕೈ ಕುಲುಕಿ ಹೋದರು.

ಇಂಥ ಊರಿನಲ್ಲಿ ಹೆಣ್ಣು ಆರ್ಕಿಟೆಕ್ಟಿಗೆ ಸ್ವಂತದ ಕೆಲಸ ಸಿಗಬೇಕಾದರೆ ಅಪ್ಪನೋ ಮಾವನೋ ಗುತ್ತಿಗೆದಾರನಾಗಿರಬೇಕು, ಇಲ್ಲವೇ ಅವಳು ಯಾವುದಾದರೂ ವಿನ್ಯಾಸ ಸ್ಪರ್ಧೆ ಗೆಲ್ಲಬೇಕು. ನನಗೆ ಅಪ್ಪ ಇಲ್ಲ. ಅವ್ವ ದೇವದುರ್ಗದಲ್ಲಿ ಹತ್ತಿ ಬಿಡಿಸಲು, ಭತ್ತ ನಾಟಿ ಮಾಡಲು ಕೂಲಿಗೆ ಹೋಗುತ್ತಾಳೆ. ಹೀಗಾಗಿ ನನ್ನ ಜೊತೆಯವರು ಸರ್ಕಾರಿ ನೌಕರಿಯ ಪ್ರಕಟಣೆ ನೋಡುವಷ್ಟೇ ಆಸೆಯಿಂದ ನಾನು ಸ್ಪರ್ಧೆಗಳ ಪ್ರಕಟಣೆ ನೋಡುತ್ತಿದ್ದೆ. ಒಂದೇ ಒಂದು ಕಟ್ಟಡ ನನ್ನ ಹೆಸರಿನಲ್ಲಿ ಎದ್ದರೆ ಸಾಕು, ಸಣ್ಣದೊಂದು ಖೋಲಿ ಹಿಡಿದು ಸ್ವಂತ ಆಫೀಸು ತೆರೆಯುತ್ತೇನೆ, "ಸಾಹೇಬ್ರು ಇಲ್ಲೇನ್ರಿ" ಎಂದವರಿಗೆ "ನಾನ ಸಾಹೇಬ್ರು" ಅನ್ನುತ್ತೇನೆ ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ.

ಅಂಥ ಒಂದು ಪ್ರಕಟಣೆ ನಮ್ಮ ಜಿಲ್ಲೆಯಲ್ಲೇ ಬಂತು. ಮಾನ್ವಿಯ ಒಂದು ಟ್ರಸ್ಟಿನವರು ಹಳ್ಳಿಗಳಿಂದ ಕಾಲೇಜಿಗೆ ಬರುವ ಹೆಣ್ಣುಮಕ್ಕಳಿಗಾಗಿ ಹಾಸ್ಟೆಲ್ ಕಟ್ಟಿಸಲು ಹೊರಟಿದ್ದರು. ಸ್ಪರ್ಧೆ ಯುವ ಮಹಿಳಾ ಆರ್ಕಿಟೆಕ್ಟರಿಗೆ ಮಾತ್ರ. ಗೆದ್ದವಳಿಗೇ ಕಟ್ಟಡದ ಕೆಲಸ. ಮೊದಲ ಸುತ್ತಿನಲ್ಲಿ ನಕ್ಷೆಯ ಹಾಳೆಗಳ ಮೇಲೆ ಹೆಸರು, ಊರು, ಆಫೀಸಿನ ಗುರುತು ಯಾವುದೂ ಇರಕೂಡದು, ಬರೀ ಒಂದು ಅಂಕಿ. ಹೆಸರು ಬರೆದರೆ ಹಾಳೆ ಕಸದ ಬುಟ್ಟಿಗೆ. ಉಳಿದವರಿಗೆ ಇದು ಒಂದು ನಿಯಮ ಅಷ್ಟೆ. ನನಗೆ ಅದು ಹಬ್ಬದ ಊಟ. ಯಾರ ಮಗಳು, ಯಾವ ಓಣಿ ಎಂದು ಕೇಳದೆಯೇ ನನ್ನ ಕೆಲಸವನ್ನು ಯಾರೋ ನೋಡುವುದು ಅದೇ ಮೊದಲು.

ಜೊತೆಗೆ ನನ್ನ ಕಾಲೇಜಿನ ಗೆಳತಿಯನ್ನು ಸೇರಿಸಿಕೊಂಡೆ. ರಾಯಚೂರಿನ ಬಟ್ಟೆ ವ್ಯಾಪಾರಿಯ ಮಗಳು. ಕಟ್ಟಡ ಮುಗಿದ ಮೇಲೆ ಹೇಗೆ ಕಾಣುತ್ತದೆ ಎಂಬ ಚಿತ್ರ ಬರೆಯುವುದರಲ್ಲಿ ಅವಳ ಕೈ ಮೀರಿಸುವವರಿಲ್ಲ. ಪ್ಲ್ಯಾನು, ಪಾಯ, ಲೆಕ್ಕಾಚಾರ ನನ್ನದು. ಕಾಲೇಜಿನಲ್ಲಿ ಹೀಗೇ ಹಂಚಿಕೊಂಡು ಬಹಳ ಸಲ ಒಳ್ಳೆಯ ಅಂಕ ತೆಗೆದಿದ್ದೆವು.

ಬಸ್ಸು ಹತ್ತಿ ಮಾನ್ವಿಗೆ ಹೋಗಿ ಜಾಗ ನೋಡಿಕೊಂಡು ಬಂದೆವು. ಊರ ಹೊರಗೆ, ಕಾಲುವೆಯ ಪಕ್ಕ, ಸುತ್ತಲೂ ಗದ್ದೆ. ಮಣ್ಣಿನ ಪರೀಕ್ಷೆಗೆಂದು ತೋಡಿದ ಗುಂಡಿಯೊಂದು ಹಾಗೇ ಇತ್ತು. ನಾನು ಇಳಿದು ನೋಡಿದೆ. ಎರೆಮಣ್ಣು, ಆಳದ ತನಕ ಎರೆಮಣ್ಣು. ಮೇಲೆ ಬಿರುಕುಗಳು ನನ್ನ ಕೈ ಒಳಗೆ ಹೋಗುವಷ್ಟು ಬಾಯಿ ಬಿಟ್ಟಿದ್ದವು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಮೇಲೆ ನಿಂತ ಗೋಡೆಗಳನ್ನು ಹೇಗೆ ಬೇಕೋ ಹಾಗೆ ಸೀಳುತ್ತದೆ. ಇಲ್ಲಿ ಸಾಧಾರಣ ಪಾಯ ಹಾಕಿದರೆ ಕೆಲಸ ಕೆಟ್ಟಂತೆ. ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟಿನ ಪೈಲುಗಳನ್ನು ಗಟ್ಟಿ ನೆಲದ ತನಕ ಇಳಿಸಬೇಕು. ಪೈಲು ಎಂದರೆ ಖರ್ಚು. ನೆಲದ ಮೇಲೆ ಒಂದು ಕೋಣೆ ಹೆಚ್ಚಾದರೂ ಅದರ ಕೆಳಗೆ ಪೈಲುಗಳ ಒಂದು ಸಾಲು ಹೆಚ್ಚು.

ಟ್ರಸ್ಟಿನವರು ಕೊಟ್ಟ ಬೇಡಿಕೆಯ ಪಟ್ಟಿಯಲ್ಲಿ ಊಟದ ಮನೆ ಎರಡಿದ್ದವು. ಒಂದೇ ಅಳತೆ, ಅಕ್ಕಪಕ್ಕ, ಅಡುಗೆ ಮನೆ ಮಾತ್ರ ಒಂದೇ. ಪ್ರತಿಯೊಂದಕ್ಕೂ ಬೇರೆ ಬಾಗಿಲು, ಕೈ ತೊಳೆಯಲು ಬೇರೆ ನಲ್ಲಿಗಳು. ನಾನು ಅದನ್ನು ನೋಡಿ, "ಇದು ದಂಡ" ಎಂದೆ. ಒಂದೇ ದೊಡ್ಡ ಊಟದ ಮನೆ ಮಾಡಿ, ಹುಡುಗಿಯರಿಗೆ ಸರದಿಯ ಮೇಲೆ ಬಡಿಸಿದರೆ ಅರ್ಧ ಜಾಗ, ಅರ್ಧ ಪೈಲು ಉಳಿಯುತ್ತದೆ. ಉಳಿದ ಹಣವನ್ನು ಮಾಳಿಗೆಗೆ ಹಾಕೋಣ, ಸುತ್ತ ಗಾಳಿಯಾಡುವ ತೂತುಗಳ ಇಟ್ಟಿಗೆ ಜಾಲಿ ಎಬ್ಬಿಸಿ ಬೇಸಿಗೆಯಲ್ಲಿ ಮಲಗಲು ಮರೆ ಮಾಡೋಣ. ನಮ್ಮ ಕಡೆ ಏಪ್ರಿಲ್‌ನಲ್ಲಿ ಕೋಣೆಯೊಳಗೆ ಮಲಗುವುದು ಎಂದರೆ ರೊಟ್ಟಿಯ ಹಂಚಿನ ಮೇಲೆ ಮಲಗಿದಂತೆ. ಗೆಳತಿ, "ಭಾಳ ಛಲೋ ಅದ ಲೇ ಇದು" ಎಂದು ಕುಣಿದಳು.

ಆ ಎರಡು ಊಟದ ಮನೆಗಳನ್ನು ನೋಡಿ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಈಗ ನೆನೆದರೆ ಮೈ ಉರಿಯುತ್ತದೆ. ಹೋಟೆಲಿನ ಹಿಂದಿನ ಗೂಟಕ್ಕೆ ನೇತುಹಾಕಿದ ಬೇರೆ ಗ್ಲಾಸುಗಳನ್ನು ನೋಡಿ ಬೆಳೆದವಳು ನಾನು. ಶಾಲೆಯಲ್ಲಿ ನಮ್ಮ ಕೇರಿಯ ಮಕ್ಕಳ ತಟ್ಟೆಗಳು ಬೇರೆ ಸಾಲಿನಲ್ಲಿ ಇರುತ್ತಿದ್ದವು. ಅದೇ ಸಂಗತಿ ಅಚ್ಚುಕಟ್ಟಾಗಿ ಟೈಪಾಗಿ, ಚದರ ಮೀಟರಿನ ಲೆಕ್ಕದಲ್ಲಿ ಕಣ್ಣ ಮುಂದೆ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಒಂದೇ ಕೆಲಸಕ್ಕೆ ಎರಡು ಕೋಣೆ ಇದ್ದರೆ ಒಂದನ್ನು ಕಿತ್ತು ಹಾಕಬೇಕು ಎಂದು ಕಾಲೇಜು ಕಲಿಸಿತ್ತು. ಹಾಗೇ ಮಾಡಿದೆ.

ಮೊದಲ ಸುತ್ತಿನಲ್ಲಿ ನಮ್ಮ ಅಂಕಿ ಆಯ್ಕೆಯಾಯಿತು. ತೀರ್ಪುಗಾರರ ಟಿಪ್ಪಣಿಯಲ್ಲಿ ನಮ್ಮ ಊಟದ ಮನೆಯನ್ನೇ ಎತ್ತಿ ಹೊಗಳಿದ್ದರು. ಮಣ್ಣನ್ನು ಅರ್ಥ ಮಾಡಿಕೊಂಡ ದಿಟ್ಟ ನಿರ್ಧಾರ ಎಂದು ಬರೆದಿದ್ದರು. ನಾನು ಅದನ್ನು ಆಫೀಸಿನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ಓದಿದೆ. ಅವ್ವನಿಗೆ ಫೋನ್ ಮಾಡಿದೆ.

"ಮಾನ್ವ್ಯಾಗ ಹಾಸ್ಟೆಲ್ ಕಟ್ಟೂದು ನೀನ?" ಎಂದಳು.

"ಇನ್ನಾ ಗೆದ್ದಿಲ್ಲ ಬೇ. ಇನ್ನೊಂದು ಸುತ್ತು ಅದ."

"ಗೆಲ್ತಿ ಬಿಡು" ಎಂದು ಅವ್ವ ಫೋನಿಟ್ಟು ಓಣಿಗೆಲ್ಲ ಸುದ್ದಿ ಹಂಚಲು ಹೋದಳು. ವಾರ ಕಳೆಯುವುದರೊಳಗೆ ನಮ್ಮ ಓಣಿಯವರು ಮಾತಿನಲ್ಲೇ ಆ ಹಾಸ್ಟೆಲಿಗೆ ಮಾಳಿಗೆಯನ್ನೂ ಹಾಕಿಯಾಗಿತ್ತು.

ಎರಡನೇ ಸುತ್ತಿಗೆ ಮೊದಲು, ಆಯ್ಕೆಯಾದವರು ಟ್ರಸ್ಟಿನವರ ಜೊತೆ ಕೂತು ಮಾತಾಡಬೇಕಿತ್ತು. ನಾವಿಬ್ಬರೂ ಮತ್ತೆ ಮಾನ್ವಿಗೆ ಹೋದೆವು, ಹೆಸರಿಲ್ಲದ ಸುಖ ಅಲ್ಲಿಗೆ ಮುಗಿಯಿತು. ಟ್ರಸ್ಟಿನ ಕಾರ್ಯದರ್ಶಿ ಅಕ್ಕಿ ಗಿರಣಿಯ ಮಾಲೀಕರು. ಬಿಳಿ ಅಂಗಿ, ಮೆತ್ತಗಿನ ಮಾತು. ಅವರು ದನಿ ಎತ್ತಿದ್ದನ್ನು ನಾನು ಕೊನೆಯವರೆಗೂ ಕೇಳಲಿಲ್ಲ.

"ಬರ್ರಿ ಬರ್ರಿ, ಕುಂದರ್ರಿ. ನಮ್ಮ ಜಿಲ್ಲಾದ ಹುಡುಗೇರು ಇಷ್ಟು ಮುಂದ ಬಂದೀರಿ ಅಂದ್ರ ನಮಗ ಭಾಳ ಖುಷಿ ನೋಡ್ರಿ" ಎಂದರು. ಗೆಳತಿಯ ಕಡೆ ತಿರುಗಿ, "ನೀವು ಯಾರ ಪೈಕಿ ಆದ್ರಿ?" ಎಂದರು. ಅವಳು ಅಪ್ಪನ ಅಂಗಡಿಯ ಹೆಸರು ಹೇಳಿದಳು. ಅವರ ಮುಖ ಅರಳಿತು. ಅವರ ಮನೆಯ ಮದುವೆ ಜವಳಿ ಅಲ್ಲಿಯದೇ ಅಂತೆ.

"ನೀವು ತಂಗಿ?"

"ದೇವದುರ್ಗ್ರಿ."

"ದೇವದುರ್ಗದಾಗ ಎಲ್ಲಿ?"

ನಾನು ಓಣಿಯ ಹೆಸರು ಹೇಳಿದೆ. ಸುಳ್ಳು ಹೇಳಬಹುದಿತ್ತು. ಹೇಳಲು ನಾಲಿಗೆ ಬರಲಿಲ್ಲ. ಅವರು ತಲೆದೂಗಿ, "ಹೌದಾ, ಹೌದಾ. ಭಾಳ ಛಲೋ. ನಿಮ್ಮವ್ರೂ ಈಗ ಓದಾಕತ್ತಾರ" ಎಂದರು. ಅಷ್ಟೇ. ಟೀ ಬಂತು, ಎಲ್ಲರಿಗೂ ಕಾಗದದ ಕಪ್ಪಿನಲ್ಲಿ. ಕಾಗದದ ಕಪ್ಪು ಬಂದ ಮೇಲೆ ಇಂಥವರಿಗೆ ಎಷ್ಟು ಅನುಕೂಲವಾಗಿದೆ ಎಂದು ಆಗ ಅನ್ನಿಸಿತು.

ಆಮೇಲೆ ನಮ್ಮ ಹಾಳೆ ಬಿಡಿಸಿದರು. ಮಾಳಿಗೆ ಬಹಳ ಹಿಡಿಸಿತ್ತು. ಜಾಲಿ ಹಿಡಿಸಿತ್ತು. ಊಟದ ಮನೆಯ ಮೇಲೆ ಬೆರಳಿಟ್ಟು, "ಇದೊಂದು ಎರಡು ಮಾಡಿಬಿಡ್ರಿ. ನಡುವ ಗ್ವಾಡಿ ಬರ್ಲಿ" ಎಂದರು.

"ಯಾಕ್ರಿ? ಸರದಿ ಮ್ಯಾಲ ಬಡಿಸಿದ್ರ ಒಂದ ಸಾಕಾಗ್ತದಲ್ರಿ."

"ವೆಜ್ಜು, ನಾನ್‌ವೆಜ್ಜು ನೋಡ್ರಿ. ತಿನ್ನೋರು ಇರ್ತಾರ, ತಿನ್ಲಾರದೋರು ಇರ್ತಾರ. ಯಾರ ಮನಸ್ಸಿಗೂ ನೋವಾಗಬಾರದು."

ಇದು ನ್ಯಾಯದ ಮಾತೇ ಅನ್ನಿಸಿತು. ಸದ್ಯ ಬಾಡಿಗೆ ಕಟ್ಟಡದಲ್ಲಿ ನಡೆಯುತ್ತಿರುವ ಅವರ ಹಾಸ್ಟೆಲನ್ನು ನೋಡಿಕೊಂಡು ಹೋಗಿ ಎಂದು ಅವರೇ ಹೇಳಿದರು. ಎಷ್ಟು ಪಾತ್ರೆ, ಎಷ್ಟು ಒಲೆ, ಮಾಂಸದ ಅಡುಗೆಗೆ ಬೇರೆ ಕಟ್ಟೆ ಬೇಕೋ ಏನೋ ಎಂದು ಅಳತೆ ಹಿಡಿಯಲು ನಾವು ಹೋದೆವು. ಅಡುಗೆಯ ಹೆಂಗಸು ಬೇಳೆ ಒಗ್ಗರಣೆ ಹಾಕುತ್ತಿದ್ದಳು. ವಾರದಲ್ಲಿ ಯಾವ ದಿನ ಮಾಂಸ, ಯಾವ ದಿನ ಮೊಟ್ಟೆ ಎಂದು ಕೇಳಿದೆ. ಅವಳು ಸೌಟು ಕೆಳಗಿಟ್ಟು ನಕ್ಕಳು.

"ಮೊಟ್ಟಿ? ಕಸದ ಬುಟ್ಟ್ಯಾಗ ಮೊಟ್ಟಿ ಸಿಪ್ಪಿ ಕಂಡ್ರ ನನ್ನ ನೌಕರಿ ಹೋಗ್ತದ್ರಿ ಅಕ್ಕಾರ."

ಅಷ್ಟರಲ್ಲಿ ಹುಡುಗಿಯರು ಊಟಕ್ಕೆ ಬಂದರು. ಒಂದೇ ಹಂಡೆಯ ಅನ್ನ, ಒಂದೇ ಬೋಗುಣಿಯ ಬೇಳೆ. ಬಡಿಸಿಕೊಂಡು ಕೆಲವರು ಮುಂದಿನ ಕೋಣೆಗೆ ಹೋದರು, ಕೆಲವರು ಹಿಂದಿನ ಕೋಣೆಗೆ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಹಿಂದಿನ ಕೋಣೆಯ ಬಾಗಿಲಲ್ಲಿದ್ದ ಹುಡುಗಿಯೊಬ್ಬಳ ಮಾತಿನಲ್ಲಿ ದೇವದುರ್ಗದ ಧಾಟಿ ಇತ್ತು. ಇಲ್ಲಿ ಯಾಕೆ ಕೂಡುತ್ತೀ ಎಂದು ಕೇಳಿದೆ.

"ನಾವು ಈ ಖೋಲ್ಯಾಗ ಉಣ್ತೀವ್ರಿ ಅಕ್ಕಾ. ಮೊದ್ಲಿಂದ ಹಂಗ ಅದ" ಎಂದಳು. ಮುಖದಲ್ಲಿ ದುಃಖ ಗಿಕ್ಕ ಏನೂ ಇರಲಿಲ್ಲ. ಹಸಿವಾಗಿತ್ತು, ಹೋಗಿ ಉಣ್ಣತೊಡಗಿದಳು. ನಾನು ಅಳತೆಯ ಟೇಪನ್ನು ಸುತ್ತಿ ಚೀಲದಲ್ಲಿ ಹಾಕಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಗೆಳತಿಯೇ ಮಾತು ತೆಗೆದಳು.

"ನೋಡು, ಒಂದು ಗೆರಿ ಎಳದ್ರ ನಮ್ಮ ಗಂಟು ಏನು ಹೋಗ್ತದ? ಪಾರ್ಟಿಶನ್ ಅದು. ನಾಳಿ ಯಾರಾದ್ರೂ ತಗೀತಾರ."

"ಗ್ವಾಡಿ ಕಟ್ಟೋರು ತಗ್ಯಾಕ ಕಟ್ತಾರೇನು?"

"ನಾವು ಎಳೀಲಿಲ್ಲಂದ್ರ ಇನ್ನೊಬ್ರು ಎಳೀತಾರ. ಕೆಲಸ ಅವ್ರಿಗೆ ಹೋಗ್ತದ. ನಿನಗ ಇದು ಪರ್ಸನಲ್ ಆಗ್ಯಾದ."

ಪರ್ಸನಲ್. ಕಾಲೇಜಿನ ಅಷ್ಟೂ ವರ್ಷ ನನ್ನ ಡಬ್ಬಿಯ ಶೇಂಗಾ ಚಟ್ನಿ ತಿಂದವಳು ಅವಳು. ನನ್ನ ಓಣಿ ಯಾವುದೆಂದು ಅವಳಿಗೆ ಗೊತ್ತಿತ್ತು, ಎಂದೂ ಕೇಳಿರಲಿಲ್ಲ, ಅದನ್ನೇ ನಾನು ಸ್ನೇಹ ಎಂದುಕೊಂಡಿದ್ದೆ. ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸದೆ ಟಿಕೆಟ್ಟನ್ನು ಹರಿದು ಹರಿದು ಸಣ್ಣ ಚೂರು ಮಾಡಿದೆ.

ಗೋಡೆ ಎಳೆಯಲು ನಾನು ಪ್ರಯತ್ನಿಸಲೇ ಇಲ್ಲ ಎಂದೇನಲ್ಲ. ಕಟ್ಟಡದ ಆಸೆ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಮೊದಲು ಅರ್ಧ ಎತ್ತರದ ಗೋಡೆ ಹಾಕಿ ನೋಡಿದೆ. ಆಮೇಲೆ ಮಡಚುವ ಹಲಗೆ. ಆಮೇಲೆ ಪುಸ್ತಕದ ಕಪಾಟುಗಳ ಸಾಲು. ಪ್ರತಿ ಸಲವೂ ಕಂಪ್ಯೂಟರಿನ ಆ ಪ್ಲ್ಯಾನಿನಲ್ಲಿ, ಗೆರೆಯ ಆಚೆ, ದೇವದುರ್ಗದ ಆ ಹುಡುಗಿಯನ್ನು ಕೂಡಿಸಬೇಕಾಗುತ್ತಿತ್ತು. ಪ್ರತಿ ಸಲವೂ ಅಳಿಸಿದೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ಜಾತಿಯ ಸುದ್ದಿ ಎತ್ತುವುದೇ ಬೇಡ, ಮಣ್ಣಿನ ಸುದ್ದಿ ಎತ್ತೋಣ. ಅಷ್ಟು ಉದ್ದದ ಇಟ್ಟಿಗೆ ಗೋಡೆಗೆ ಕೆಳಗೆ ತನ್ನದೇ ತೊಲೆ ಬೇಕು, ತೊಲೆಗೆ ಪೈಲು ಬೇಕು. ಅದಿಲ್ಲದೆ ಕಟ್ಟಿದರೆ ಎರೆಮಣ್ಣು ಮೊದಲ ಮಳೆಗಾಲದಲ್ಲೇ ಅದನ್ನು ಸೀಳುತ್ತದೆ. ಇದು ಸುಳ್ಳೇನಲ್ಲ. ಪೈಲಿನ ಚಿತ್ರ, ಬಿರುಕಿನ ಚಿತ್ರ, ಖರ್ಚಿನ ಹೋಲಿಕೆ, ಎಲ್ಲ ಸೇರಿಸಿ ಒಂದು ಹಾಳೆಯನ್ನೇ ಮಾಡಿದೆ. ಗೆಳತಿಯೂ ಒಪ್ಪಿದಳು. "ಹಿಂಗಾದ್ರ ಯಾರಿಗೂ ನೋವಿಲ್ಲ" ಎಂದಳು. ಯಾರಿಗೂ ನೋವಾಗಬಾರದು ಎಂಬ ಮಾತು ಈ ಇಡೀ ಕೆಲಸದಲ್ಲಿ ಎಷ್ಟು ಸಲ ಬಂತೋ ದೇವರಿಗೇ ಗೊತ್ತು. ಮಾದರಿಯನ್ನು ರಟ್ಟಿನಲ್ಲಿ ಮಾಡಿದೆವು. ಊಟದ ಮನೆ ಒಂದೇ ಆಗಿ, ಉದ್ದಕ್ಕೆ, ಚೆಂದವಾಗಿ ಬಂದಿತ್ತು.

ಅಂತಿಮ ಸುತ್ತು ರಾಯಚೂರಿನ ಒಂದು ಹೋಟೆಲಿನ ಸಭಾಂಗಣದಲ್ಲಿ ನಡೆಯಿತು. ತೀರ್ಪುಗಾರರಲ್ಲಿ ಮುಖ್ಯರಾದವರು ಬೆಂಗಳೂರಿನ ಹಿರಿಯ ಮಹಿಳಾ ಆರ್ಕಿಟೆಕ್ಟ್. ನಮ್ಮ ಊಟದ ಮನೆಯನ್ನು ಹೊಗಳಿ ಬರೆದವರು ಅವರೇ. ಅವರ ಪಕ್ಕದಲ್ಲಿ ಒಬ್ಬ ಇಂಜಿನಿಯರ್, ಅವರ ಪಕ್ಕದಲ್ಲಿ ಕಾರ್ಯದರ್ಶಿ. ನಾನು ಮಣ್ಣಿನಿಂದ ಶುರು ಮಾಡಿದೆ. ಇಂಜಿನಿಯರ್ ತಲೆದೂಗುತ್ತಿದ್ದರು. ಗೋಡೆಯ ಹಾಳೆ ಬಂದಾಗ, ಪೈಲು ಇಲ್ಲದೆ ಇದು ನಿಲ್ಲುವುದಿಲ್ಲ, ಪೈಲು ಹಾಕಿದರೆ ಖರ್ಚು ಮಾಳಿಗೆಯನ್ನು ನುಂಗುತ್ತದೆ ಎಂದೆ.

ಕಾರ್ಯದರ್ಶಿ ಮೆತ್ತಗೆ ಹೇಳಿದರು: "ಅದರ ಖರ್ಚು ನಾವು ಬ್ಯಾರೆ ಕೊಡ್ತೀವ್ರಿ ಮೇಡಂ. ಮಾಳಗಿನೂ ಇರ್ಲಿ. ಗ್ವಾಡಿಗಿ ಎಷ್ಟು ಪೈಲ್ ಬೇಕೋ ಅಷ್ಟು ಹಾಕ್ಸೋಣ."

ಮಾನ್ವಿಯ ಭೇಟಿಯಲ್ಲಿ ನಾವು ಹುಡುಗಿಯರ ಕೋಣೆಗೆ ಫ್ಯಾನು ಹೆಚ್ಚಿಗೆ ಕೇಳಿದಾಗ ಬಜೆಟ್ ಇಲ್ಲ ಎಂದವರು ಇವರೇ. ಹಿರಿಯ ಆರ್ಕಿಟೆಕ್ಟ್ ಸಮಾಧಾನವಾಗಿ ನನ್ನ ಕಡೆ ತಿರುಗಿದರು. "ಕ್ಲೈಂಟ್ ಒಪ್ಕೊಂಡ್ರಲ್ಲ, ಮತ್ತೇನಮ್ಮ ನಿನ್ನ ತಕರಾರು?"

ನನ್ನ ಕೈಯಲ್ಲಿದ್ದ ಮಣ್ಣೆಲ್ಲ ಮುಗಿದಿತ್ತು. ಉಳಿದದ್ದು ನಿಜದ ಮಾತು ಒಂದೇ. ಹೇಳದೆ ಗೋಡೆ ಎಳೆದುಕೊಟ್ಟರೆ ಕಟ್ಟಡ ನನ್ನದು, ಅದು ಆ ಕೋಣೆಯಲ್ಲಿದ್ದ ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಹೇಳಿದೆ.

"ಮೇಡಂ, ಆ ಹಾಸ್ಟೆಲಿನಾಗ ಮೊಟ್ಟಿನೂ ಕುದಸಂಗಿಲ್ಲ. ನಾ ಹೋಗಿ ನೋಡೀನಿ. ಎರಡೂ ಖೋಲ್ಯಾಗ ಒಂದ ಬ್ಯಾಳಿ ಉಣ್ತಾರ. ಈ ಗ್ವಾಡಿ ಊಟಕ್ಕಲ್ರಿ, ಉಣ್ಣೋರಿಗೆ."

ಸಭೆಯಲ್ಲಿ ಯಾರೋ ಕೆಮ್ಮಿದರು. ಕಾರ್ಯದರ್ಶಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಅವರು ನಕ್ಕು, "ತಂಗಿಗಿ ಸಿಟ್ಟು ಬಂದದ. ಅವ್ರ ಪೈಕಿ ಹುಡುಗೇರಿಗೇ ಅನುಕೂಲ ಆಗ್ಲಿ ಅಂತ ನಾವು ಮಾಡಿದ್ದು. ಎಲ್ಲಾರ ಜೋಡಿ ಕುಂದ್ರಾಕ ಅವ್ರಿಗೇ ಸಂಕೋಚ ಆಗ್ತದ ನೋಡ್ರಿ ಮೇಡಂ" ಎಂದರು. "ಅವ್ರ ಪೈಕಿ" ಎನ್ನುವಾಗ ಅವರ ಬೆರಳು ನನ್ನ ಕಡೆ ಇತ್ತು. ಹಾಳೆಯ ಮೇಲೆ ಹೆಸರು ಬರೆಯಬಾರದು ಎಂಬ ನಿಯಮ ಮಾಡಿದವರ ಎದುರಿಗೇ ನನ್ನ ಓಣಿ ಹೀಗೆ ದಾಖಲಾಯಿತು.

ಹಿರಿಯ ಆರ್ಕಿಟೆಕ್ಟ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ನನ್ನನ್ನು ಬಿಟ್ಟು ಗೆಳತಿಯನ್ನು ಕೇಳಿದರು. "ನಿಮ್ಮಿಬ್ಬರದೂ ಇದೇ ಅಭಿಪ್ರಾಯನಾ?"

ಅವಳು ನನ್ನ ಮುಖ ನೋಡಲಿಲ್ಲ. "ನನಗೇನೂ ಅಡ್ಡಿ ಇಲ್ರಿ ಮೇಡಂ. ಬೇಕಂದ್ರ ಈಗಿಂದೀಗ ಎಳದು ತೋರಸ್ತೀನ್ರಿ."

ತೋರಿಸಿಯೂ ಬಿಟ್ಟಳು. ಲ್ಯಾಪ್‌ಟಾಪ್ ತೆರೆದು, ನಾನು ಪಕ್ಕದಲ್ಲಿ ನಿಂತಿರುವಂತೆಯೇ, ಎರಡು ಗೆರೆ ಎಳೆದು ನಡುವೆ ಬಣ್ಣ ತುಂಬಿದಳು. ಅವಳ ಕೈ ಮೊದಲಿಂದಲೂ ಚುರುಕು.

ಊಟದ ಬಿಡುವಿನಲ್ಲಿ ಕೈ ತೊಳೆಯುವಲ್ಲಿ ಹಿರಿಯ ಆರ್ಕಿಟೆಕ್ಟ್ ಸಿಕ್ಕರು. ಹೆಗಲ ಮೇಲೆ ಕೈ ಇಟ್ಟರು. "ನಿನ್ನ ವಯಸ್ಸಲ್ಲಿ ನಾನೂ ಹೀಗೇ ಇದ್ದೆ ಕಣೇ. ಕ್ಲೈಂಟ್ ಕೇಳಿದ್ದನ್ನ ಕೊಡೋದೂ ಡಿಸೈನೇ. ಮೊದ್ಲು ಒಂದು ಬಿಲ್ಡಿಂಗ್ ಕಟ್ಟು. ಆಮೇಲೆ ಜಗತ್ತನ್ನ ಸರಿ ಮಾಡ್ಕೊ."

"ನೀವು ಕಟ್ಟಿದ್ರಲ್ಲ ಮೇಡಂ, ಆಮ್ಯಾಲ ಏನು ಸರಿ ಮಾಡಿದ್ರಿ?" ಎಂದು ಕೇಳಬೇಕೆನ್ನಿಸಿತು. ನಲ್ಲಿ ಬಿಟ್ಟು ಕೈ ತೊಳೆಯತೊಡಗಿದೆ. ಅವರು ಕೈ ಒರೆಸಿಕೊಂಡು, ಫೋಟೋ ತಪ್ಪಿಸಬೇಡ, ಯುವತಿಯರಿಗೆ ಸ್ಫೂರ್ತಿಯಾಗುತ್ತದೆ ಎಂದು ಹೇಳಿ ಹೋದರು. ಫೋಟೋದಲ್ಲಿ ನಾನು ಇದ್ದೇನೆ. ಕೈಯಲ್ಲಿ ಹೂಗುಚ್ಛ, ಬ್ಯಾನರಿನಲ್ಲಿ ಮಹಿಳಾ ಶಕ್ತಿಯ ಬಗ್ಗೆ ಒಂದು ಸಾಲು.

ಮೊದಲ ಬಹುಮಾನ ಬೆಂಗಳೂರಿನ ಒಬ್ಬಾಕೆಗೆ ಹೋಯಿತು. ಜಾಗ ನೋಡಲು ಆಕೆ ಒಂದು ಸಲವೂ ಬಂದಿರಲಿಲ್ಲ. ಎರಡು ಊಟದ ಮನೆಗಳನ್ನು ಎರಡು ಅಂಗಳಗಳೆಂದು ಕರೆದು, ನಡುವಿನ ಗೋಡೆಗೆ ಜಾಲಿ ಕೊರೆದು, ಅದಕ್ಕೆ ಸಂವಾದದ ಗೋಡೆ ಎಂದು ಹೆಸರಿಟ್ಟಿದ್ದಳು. ನಮಗೆ ಸಾಮಾಜಿಕ ಕಾಳಜಿಗಾಗಿ ವಿಶೇಷ ಮೆಚ್ಚುಗೆಯ ಪ್ರಮಾಣಪತ್ರ ಸಿಕ್ಕಿತು, ಇಬ್ಬರಿಗೂ ಒಂದೊಂದು. ಗೆಳತಿಯದಕ್ಕೆ ಕಟ್ಟು ಹಾಕಿಸಿ ಅವಳಪ್ಪ ಅಂಗಡಿಯ ಗಲ್ಲೆಯ ಹಿಂದೆ ತೂಗು ಹಾಕಿದರು. ಅದನ್ನು ನೋಡಿದ ಗಿರಾಕಿಯೊಬ್ಬರು ತಮ್ಮ ಷೋರೂಮ್ ಕೆಲಸ ಅವಳಿಗೆ 	ಕೊಟ್ಟರು, ಅಲ್ಲಿಂದ ಇನ್ನೊಂದು ಸಿಕ್ಕಿತು. ಸ್ಪರ್ಧೆಯಿಂದ ಹೆಣ್ಣುಮಕ್ಕಳಿಗೆ ದಾರಿ ತೆರೆಯುತ್ತದೆ ಎನ್ನುವುದು ಸುಳ್ಳಲ್ಲ, ಅವಳಿಗೆ ತೆರೆಯಿತು. ನನಗೂ ಒಂದು ಹೆಸರು ಸಿಕ್ಕಿತು. ರಾಯಚೂರಿನಲ್ಲಿ ಆರ್ಕಿಟೆಕ್ಟರ ಆಫೀಸುಗಳು ಬೆರಳೆಣಿಕೆಯಷ್ಟು, ಎಲ್ಲರೂ ಒಬ್ಬರಿಗೊಬ್ಬರು ಫೋನ್ ಮಾಡುವವರೇ. ಜಗಳಗಂಟಿ ಎಂಬ ಹೆಸರು ಮರುದಿನ ನಾನು ಆಫೀಸು ಮುಟ್ಟುವ ಮೊದಲೇ ಅಲ್ಲೆಲ್ಲ ಸೇರಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸೋತೆ, ಆದರೆ ಎಳೆಯಲಿಲ್ಲ ಎಂದು ಎದೆ ಸೆಟೆಸಿಕೊಂಡು ತಿರುಗಾಡುತ್ತಿದ್ದೆ. ಒಂದು ದಿನ ಸಾಹೇಬರು ಮಾನ್ವಿಯಿಂದ ಪೇಡೆಯ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. ಬೆಂಗಳೂರಿನಾಕೆ ಇಲ್ಲಿಗೆ ಬಂದು ಕೂಡಲಾರಳು. ಗೌಂಡಿಗಳು ನೋಡಿ ಕಟ್ಟುವಂಥ ವಿವರದ ನಕ್ಷೆಗಳನ್ನು ಮಾಡಿಕೊಡುವ ಕೆಲಸ ನಮ್ಮ ಆಫೀಸಿಗೆ ಬಂದಿತ್ತು.

"ಸೈಟ್ ನಿನಗ ಗೊತ್ತದ. ಮಣ್ಣೂ ಗೊತ್ತದ. ನೀನ ಮಾಡು" ಎಂದರು ಸಾಹೇಬರು. ಅವರು ಕೆಟ್ಟವರಲ್ಲ. ಸ್ಪರ್ಧೆಗೆ ರಜೆ ಕೊಟ್ಟವರು ಅವರೇ. ನನ್ನ ಮೇಲೆ ಅಭಿಮಾನದಿಂದಲೇ ಈ ಕೆಲಸ ಕೊಟ್ಟರು. ಆಗುವುದಿಲ್ಲ ಎನ್ನಬಹುದಿತ್ತು. ಎಂದರೆ ಈ ಊರಿನ ಯಾವ ಆಫೀಸಿನಲ್ಲೂ ನನಗೆ ಕುರ್ಚಿ ಇರಲಿಲ್ಲ, ದೇವದುರ್ಗಕ್ಕೆ ಹೋಗಿ ಅವ್ವನ ಜೊತೆ ಹತ್ತಿ ಬಿಡಿಸಬೇಕಿತ್ತು. ಬಹುಮಾನಕ್ಕಾಗಿ ಎಳೆಯಲೊಲ್ಲದ ಗೋಡೆಯನ್ನು ಸಂಬಳಕ್ಕಾಗಿ ಎಳೆದೆ.

ಸಂವಾದದ ಗೋಡೆಯಲ್ಲಿ ಜಾಲಿ ಬಹಳ ದಿನ ಉಳಿಯಲಿಲ್ಲ. ಆಚೆಯವರ ಮಾತು ಈಚೆ ಕೇಳುತ್ತದೆ, ಮುಚ್ಚಿಬಿಡಿ ಎಂದು ಟ್ರಸ್ಟಿನಿಂದ ಫೋನ್ ಬಂತು. ಮುಚ್ಚಿದೆ. ಗೋಡೆಯ ಕೆಳಗೆ ತೊಲೆ ಬರೆದೆ, ತೊಲೆಯ ಕೆಳಗೆ ಪೈಲು ಬರೆದೆ. ನಾನೇ ಸ್ಪರ್ಧೆಯಲ್ಲಿ ಲೆಕ್ಕ ಹಾಕಿ ತೋರಿಸಿದ ಪೈಲುಗಳು, ಅದೇ ಅಳತೆ. ಆ ಕಟ್ಟಡದಲ್ಲಿ ಅದರಷ್ಟು ಭದ್ರವಾದ ಗೋಡೆ ಇನ್ನೊಂದಿಲ್ಲ, ಅದನ್ನು ನಾನು ಖಾತ್ರಿಯಾಗಿ ಹೇಳಬಲ್ಲೆ.

ಬೆಂಕಿ ಸುರಕ್ಷತೆಯ ನಿಯಮ ಓದುತ್ತಿದ್ದಾಗ ನನಗೆ ಒಂದು ಸಂದಿ ಸಿಕ್ಕಿತು. ಅಷ್ಟು ಜನ ಕೂಡುವ ಊಟದ ಮನೆಗೆ ಹೊರಹೋಗಲು ಎರಡು ಬಾಗಿಲು ಬೇಕು. ಇದ್ದದ್ದು ಒಂದೊಂದು. ಎರಡನೆಯದಕ್ಕೆ ಜಾಗ ಇರುವುದು ನಡುಗೋಡೆಯಲ್ಲಿ ಮಾತ್ರ. ಗೋಡೆಯ ನಟ್ಟನಡುವೆ ಅಗಲವಾದ ಬಾಗಿಲು ಬರೆದು ಸಾಹೇಬರಿಗೆ ನಿಯಮ ತೋರಿಸಿದೆ. ಇದಿಲ್ಲದಿದ್ದರೆ ಮಂಜೂರಾತಿ ಸಿಗುವುದಿಲ್ಲ ಎಂದೆ. ಅವರು ಕನ್ನಡಕ ಏರಿಸಿ ಓದಿ, "ಬರೋಬ್ಬರಿ ಅದ" ಎಂದು ಟ್ರಸ್ಟಿಗೆ ಕಳಿಸಿದರು. ಆ ದಿನ ನನಗಾದ ಖುಷಿ ಹೇಳತೀರದು. ಇವತ್ತಲ್ಲ ನಾಳೆ ಆ ಕದ ತೆರೆಯುತ್ತದೆ, ಒಬ್ಬ ಹುಡುಗಿ ನೀರು ಕೇಳಲು ಬರುತ್ತಾಳೆ, ಇನ್ನೊಬ್ಬಳು ಉಪ್ಪಿನಕಾಯಿ ಕೊಡಲು ಹೋಗುತ್ತಾಳೆ ಎಂದೆಲ್ಲ ಅಂದುಕೊಂಡೆ. ಸಂಜೆ ಮಿರ್ಚಿ ಭಜಿ ತರಿಸಿ ಆಫೀಸಿನಲ್ಲಿ ಎಲ್ಲರಿಗೂ ಕೊಟ್ಟೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಮರುದಿನ ಸಾಹೇಬರು ಬಂದವರೇ ನನ್ನ ಕುರ್ಚಿಯ ಹಿಂದೆ ನಿಂತರು.

"ಕದಕ್ಕ ಒಪ್ಪಿಗಿ ಕೊಟ್ಟಾರ. ಚಿಲಕ ಒಂದ ಕಡಿ ಇರ್ಲಿ ಅಂದಾರ. ಮುಂದಿನ ಊಟದ ಮನಿ ಕಡಿ."

ನಾನು ಕುರ್ಚಿ ತಿರುಗಿಸಿದೆ. "ಸರ್, ಬೆಂಕಿ ಬಿದ್ದಾಗ ಓಡಾಕ ಇರೋ ಕದ ಅದು. ಈ ಕಡಿ ಚಿಲಕ ಹಾಕಿದ್ರ ಆ ಕಡಿ ಹುಡುಗೇರು ಏನು ಮಾಡ್ಬೇಕ್ರಿ?"

"ಅಡಿಗಿ ಮನಿ ಮುಂದಿನ ಕಡಿ ಅದ. ಬೆಂಕಿ ಬಿದ್ರ ಈ ಕಡಿನ ಬೀಳ್ತದ. ಈ ಕಡಿಯೋರು ಚಿಲಕ ತಗದು ಆ ಕಡಿ ಓಡ್ತಾರ. ನಿಯಮಕ್ಕೂ ಸರಿ ಆಯ್ತು, ಅವ್ರಿಗೂ ಸರಿ ಆಯ್ತು." ದನಿ ತಗ್ಗಿಸಿ, "ಸಾಕು ಮಾಡವ್ವಾ ಇನ್ನ" ಎಂದು ತಮ್ಮ ಕೋಣೆಗೆ ಹೋದರು.

ಬಾಗಿಲುಗಳ ವಿವರದ ಹಾಳೆ ತೆರೆದೆ. ಕದದ ಅಳತೆ, ಮರ, ತಿರುಗಣಿ, ಚಿಲಕ. ಅಷ್ಟರಲ್ಲಿ ಅವ್ವನ ಫೋನ್ ಬಂತು. ಹೊಲದಲ್ಲಿದ್ದಳು, ಗಾಳಿಯ ಸದ್ದು ಕೇಳುತ್ತಿತ್ತು.

"ಮಾನ್ವ್ಯಾಗ ಹಾಸ್ಟೆಲಿಗಿ ಪಾಯ ತೋಡಾಕತ್ತಾರಂತ. ನಿನ್ನ ಮಗಳು ನಕ್ಷಾ ತಗ್ಯಾಕತ್ತಾಳ ಅಂತ ಇಲ್ಲೆ ಎಲ್ಲಾರೂ ಅನ್ನಾಕತ್ತಾರ. ಖರೇನ?"

ಪರದೆಯ ಮೇಲೆ ಕದ ಇತ್ತು. "ಖರೆ ಬೇ" ಎಂದೆ.

"ಹಂಗಾದ್ರ ನಿಮ್ಮಕ್ಕನ ಮಗಳಿಗಿ ಅಲ್ಲೇ ಒಂದು ಸೀಟ್ ಹೇಳಿಡು. ಮುಂದಿನ ವರ್ಷ ಕಾಲೇಜಿಗಿ ಹಾಕ್ಬೇಕು. ಬ್ಯಾರೆ ಕಡಿ ನನಗ ಧೈರ್ಯ ಇಲ್ಲ. ನೀ ಕಟ್ಟಿದ್ದಂದ್ರ ಅಲ್ಲೆ ನಮ್ಮ ಕೂಸಿನ ಯಾರೂ ಬ್ಯಾರೆ ಕುಂದ್ರಸಂಗಿಲ್ಲ."

"ಹೇಳ್ತೀನಿ ಬೇ" ಎಂದು ಫೋನಿಟ್ಟೆ. ಚಿಲಕವನ್ನು ಮುಂದಿನ ಊಟದ ಮನೆಯ ಕಡೆಗೆ ಬರೆದು, ಪ್ರಿಂಟ್ ತೆಗೆದು, ಸಾಹೇಬರ ಸಹಿಗೆ ಒಯ್ದು ಕೊಟ್ಟೆ.